ಕಪ್ಲಿ ಗೋಧಿಯ 28, ಚಪಾತಿ ಗೋಧಿಯ 42: ವರ್ಣತಂತುಗಳ ಎಣಿಕೆಯಿಂದ ಏನು ತಿಳಿಯುತ್ತದೆ?

ಪ್ರಶ್ನೆ: ನಮ್ಮದು ಮುಧೋಳ ತಾಲೂಕು. ತಂದೆಯವರ ಕಾಲದಿಂದಲೂ ಎರೆಹೊಲದಲ್ಲಿ ಹಿಂಗಾರಿಗೆ ಕಪ್ಲಿ ಗೋಧಿ ಬಿತ್ತುತ್ತ ಬಂದಿದ್ದೇವೆ. ಮನೆಯಲ್ಲಿ ಅದನ್ನು ಜವೆಗೋಧಿ ಎಂದೇ ಕರೆಯುತ್ತಾರೆ. ಸಂಕ್ರಮಣದಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದಾಗ ಒಂದು ಮಳಿಗೆಯವರು ಕಪ್ಲಿ ರವೆಯ ಜೊತೆಗೆ ಕರಪತ್ರವನ್ನೂ ಕೊಟ್ಟರು. ‘ಕಪ್ಲಿಯಲ್ಲಿ 28 ಕ್ರೋಮೋಸೋಮ್, ಅದು ಶುದ್ಧ. ಚಪಾತಿ ಗೋಧಿಯಲ್ಲಿ 42, ಅವನ್ನು ವಿಜ್ಞಾನಿಗಳು ಲ್ಯಾಬಿನಲ್ಲಿ ಹೆಚ್ಚಿಸಿದರು, ಅದರಿಂದಲೇ ಶುಗರ್ ಮತ್ತು ಗ್ಯಾಸ್. ಕಪ್ಲಿಯಲ್ಲಿ ಗ್ಲುಟೆನ್ ಇಲ್ಲ’ ಎಂದು ಅದರಲ್ಲಿತ್ತು. ಈ ವರ್ಷ ನಾವೂ ಒಂದು ಕಿಲೋ ಪೊಟ್ಟಣ ಮಾಡಿ ಮಾರಬೇಕೆಂದಿದ್ದೇವೆ; ಇದೇ ಮಾತನ್ನು ಅಚ್ಚು ಹಾಕಿಸಬಹುದೇ? ಬಿ.ಎಸ್‌ಸಿ. ಓದುವ ಮಗಳು ‘ಕ್ರೋಮೋಸೋಮ್ ಎಣಿಸಿ ಒಳ್ಳೆಯದು ಕೆಟ್ಟದ್ದು ಅನ್ನುವುದು ತಪ್ಪು, ಜೀವಿಗಳನ್ನು ವಿಂಗಡಿಸುವ ಕ್ರಮವೇ ಬೇರೆ’ ಎಂದು ವಾದಿಸುತ್ತಾಳೆ. ಪಕ್ಕದ ಹೊಲದವರು ಚಪಾತಿ ಗೋಧಿ ಹಾಕುತ್ತಾರೆ. ಅದರ ಪರಾಗ ತಗುಲಿ ನಮ್ಮ ಬೀಜ ಕೆಡುತ್ತದೆಯೇ? ತಂಗಿಯ ಮಗನಿಗೆ ವೈದ್ಯರು ಗೋಧಿ ಬಿಡಿಸಿದ್ದಾರೆ. ಅವನಿಗೆ ಕಪ್ಲಿ ಕೊಡಬಹುದೇ?

ಉತ್ತರ: ನಿಮ್ಮ ಪತ್ರದ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ವೈದ್ಯರು ಗೋಧಿ ಬಿಡಿಸಿರುವುದು ಸೀಲಿಯಾಕ್ ಕಾಯಿಲೆಗಾಗಿಯೇ, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆಗಾಗಿಯೇ ಆಗಿದ್ದರೆ ಆ ಹುಡುಗನಿಗೆ ಕಪ್ಲಿಯನ್ನು ಕೊಡಲೇಬಾರದು. ರವೆಯಾಗಲಿ, ಶ್ಯಾವಿಗೆಯಾಗಲಿ, ಹಬ್ಬದ ದಿನದ ಒಂದು ತುತ್ತು ಮಾದಲಿಯಾಗಲಿ ಕೊಡುವಂತಿಲ್ಲ. ಕಪ್ಲಿಯಲ್ಲಿ ಗ್ಲುಟೆನ್ ಇದೆ. ಕರಪತ್ರದಲ್ಲಿ ಅಚ್ಚಾಗಿರುವ ತಪ್ಪುಗಳಲ್ಲಿ ಉಳಿದವು ನಿಮ್ಮ ಜೇಬಿಗೋ ತಿಳಿವಳಿಕೆಗೋ ನಷ್ಟ ತರಬಹುದು. ಇದೊಂದು ಮಾತ್ರ ಮಗುವಿನ ಕರುಳಿಗೆ ಹಾನಿ ಮಾಡುತ್ತದೆ. ವೈದ್ಯರು ರಕ್ತಪರೀಕ್ಷೆ ಮಾಡಿಸದೆ ಕೇವಲ ಲಕ್ಷಣ ನೋಡಿ ಗೋಧಿ ಬಿಡಿಸಿದ್ದರೆ, ಪರೀಕ್ಷೆಯ ವಿಚಾರವನ್ನು ತಂಗಿಯವರು ಒಮ್ಮೆ ಕೇಳುವುದು ಒಳ್ಳೆಯದು. ಗೋಧಿಯನ್ನು ಪೂರ್ತಿ ಬಿಟ್ಟು ಬಹಳ ದಿನ ಕಳೆದ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಫಲಿತಾಂಶ ಬರುವ ಸಂಭವ ಇರುತ್ತದೆ.

ಇನ್ನು ಕರಪತ್ರಕ್ಕೆ ಬರೋಣ. ಅದರಲ್ಲಿರುವ ಎರಡು ಅಂಕಿಗಳು ಸರಿಯಾಗಿವೆ. ಕಪ್ಲಿಯ ಜೀವಕೋಶದಲ್ಲಿ 28 ವರ್ಣತಂತುಗಳು, ಅಂದರೆ ಕ್ರೋಮೋಸೋಮ್‌ಗಳು ಇವೆ, ಚಪಾತಿ ಗೋಧಿಯಲ್ಲಿ 42 ಇವೆ. ನಿಜವಾದ ಅಂಕಿಗಳ ಮೇಲೆ ಕಟ್ಟಿದ ಸುಳ್ಳನ್ನು ಬಿಡಿಸುವುದು ಪೂರ್ತಿ ಸುಳ್ಳನ್ನು ಬಿಡಿಸುವುದಕ್ಕಿಂತ ಕಷ್ಟದ ಕೆಲಸ. ಮೂವತ್ತು ವರ್ಷ ಕೃಷಿ ವಿದ್ಯಾರ್ಥಿಗಳಿಗೆ ಕೋಶಶಾಸ್ತ್ರ ಕಲಿಸಿದ ನನ್ನ ಮುಂದೆಯೇ ಎಷ್ಟೋ ಜನ ಓದಿದವರು ಇದೇ ಮಾತನ್ನು ಸತ್ಯವೆಂದು ಹೇಳಿದ್ದಾರೆ. ಆದ್ದರಿಂದ ನಿಮ್ಮ ಮಗಳು ಹೇಳಿದ ‘ವಿಂಗಡಿಸುವ ಕ್ರಮ’ ಯಾವುದು ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ.

ಜೀವಿಯೊಂದು ಯಾವ ಬಳಗಕ್ಕೆ ಸೇರಿದ್ದು ಎಂದು ಕೇಳಿದಾಗ ಮೊದಲು ನೋಡುವುದು ಅದರ ಜೀವಕೋಶ ಹೇಗೆ ಕಟ್ಟಿಕೊಂಡಿದೆ ಎಂಬುದನ್ನು. ದುಂಡಾಣುಗಳಲ್ಲಿ, ಅಂದರೆ ಬ್ಯಾಕ್ಟೀರಿಯಾಗಳಲ್ಲಿ, ವಂಶವಾಹಿ ವಸ್ತುವನ್ನು ಸುತ್ತಿಡುವ ಕೋಶಕೇಂದ್ರವೇ ಇರುವುದಿಲ್ಲ. ಸಾಮಾನ್ಯವಾಗಿ ಒಂದೇ ಒಂದು ಉಂಗುರದಂಥ ಡಿ.ಎನ್.ಎ. ಕೋಶದೊಳಗೆ ಮುದುಡಿಕೊಂಡಿರುತ್ತದೆ. ಗಿಡ, ಪ್ರಾಣಿ, ಅಣಬೆಗಳಲ್ಲಿ ಕೋಶಕೇಂದ್ರವಿದ್ದು, ಅದರೊಳಗೆ ಡಿ.ಎನ್.ಎ. ಹಲವು ಎಳೆಗಳಾಗಿ ಹಂಚಿಕೊಂಡಿರುತ್ತದೆ. ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಈ ಎಳೆಗಳು ಸುರುಳಿಗಟ್ಟಿ ದಪ್ಪಗಾಗಿ, ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಡಿ ಎದ್ದು ಕಾಣುತ್ತವೆ. ಬಣ್ಣ ಹಿಡಿಯುತ್ತವೆ ಎಂಬ ಕಾರಣಕ್ಕೇ ಅವುಗಳಿಗೆ ವರ್ಣತಂತು ಎಂಬ ಹೆಸರು ಬಂದಿದೆ. 1969ರಲ್ಲಿ ವಿಟ್ಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಕೋಶದ ರಚನೆಯನ್ನೂ ಆಹಾರ ಪಡೆಯುವ ರೀತಿಯನ್ನೂ ಆಧಾರವಾಗಿಟ್ಟುಕೊಂಡರು. 1977ರಲ್ಲಿ ಕಾರ್ಲ್ ವೋಸ್, ಕೋಶಕೇಂದ್ರವಿಲ್ಲದ ಜೀವಿಗಳಲ್ಲೇ ಎರಡು ಬೇರೆ ಬೇರೆ ಮೂಲಗಳಿವೆ ಎಂದು ತೋರಿಸಿದರು.

ಇದು ಪುಸ್ತಕಕ್ಕೆ ಮಾತ್ರ ಸೇರಿದ ವಿಷಯವಲ್ಲ ಎನ್ನುವುದಕ್ಕೆ ನಮ್ಮ ಭಾಗದ ದ್ರಾಕ್ಷಿ ತೋಟವೇ ಸಾಕ್ಷಿ. ಎಲೆಯ ಮೇಲೆ ಬರುವ ಬೂದಿರೋಗವೂ ಎಲೆಯಡಿ ಬರುವ ಡೌನಿಯೂ ನೋಡುವವರಿಗೆ ಎರಡು ಬಗೆಯ ಬೂಷ್ಟು. ಹಿಂದೆ ಎರಡನ್ನೂ ಶಿಲೀಂಧ್ರಗಳೆಂದೇ ಬರೆಯುತ್ತಿದ್ದರು. ಆದರೆ ಡೌನಿ ಮಾಡುವ ಜೀವಿಯ ಕೋಶಭಿತ್ತಿ ಶಿಲೀಂಧ್ರಗಳಂತೆ ಕೈಟಿನ್‌ನಿಂದ ಆದದ್ದಲ್ಲ, ಅದರಲ್ಲಿ ಸೆಲ್ಯುಲೋಸ್ ಇದೆ. ಶಿಲೀಂಧ್ರಗಳು ತಮ್ಮ ಕೋಶಪೊರೆಗೆ ತಾವೇ ತಯಾರಿಸಿಕೊಳ್ಳುವ ಒಂದು ಕೊಬ್ಬಿನ ಅಂಶವನ್ನು ಇದು ತಯಾರಿಸುವುದೇ ಇಲ್ಲ. ಆ ತಯಾರಿಕೆಯನ್ನು ತಡೆದು ಬೂದಿರೋಗವನ್ನು ಹತೋಟಿಗೆ ತರುವ ಔಷಧವನ್ನು ಡೌನಿಗೆ ಹೊಡೆದರೆ ದುಡ್ಡು ಹೋಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ. ದಾಳಿಂಬೆಯ ಅಂಗಮಾರಿಯೂ ಇಂಥದ್ದೇ: ಅದು ದುಂಡಾಣುವಿನ ಕೆಲಸವಾದ್ದರಿಂದ ಬರಿಯ ಶಿಲೀಂಧ್ರಕ್ಕೆಂದು ಮಾಡಿದ ಔಷಧಕ್ಕೆ ಬಗ್ಗುವುದಿಲ್ಲ. ಕೋಶದ ಕಟ್ಟಡದಿಂದ ಮಾಡುವ ವಿಂಗಡಣೆಗೆ ಇಷ್ಟು ಗಟ್ಟಿಯಾದ ಅರ್ಥವಿದೆ.

ವರ್ಣತಂತುಗಳ ಸಂಖ್ಯೆಗೆ ಅಷ್ಟು ಅಗಲವಾದ ಅಧಿಕಾರ ಇಲ್ಲ. ನಮ್ಮ ಆಕಳಿಗೆ 60, ಆಡಿಗೂ 60. ಕುರಿಗೆ 54, ಮುರ್ರಾ ಎಮ್ಮೆಗೆ 50. ಜೋಳಕ್ಕೆ 20, ಗೋವಿನಜೋಳಕ್ಕೂ 20. ಬಟಾಟೆಗೆ 48, ಚಿಂಪಾಂಜಿಗೂ 48, ನಮಗೆ 46. ಖಾನಾಪುರದ ಕಾಡಿನಲ್ಲಿ ನಾಯಿಯಂತೆ ಬೊಗಳುವ ಕಾಡುಕುರಿಯ ಹೆಣ್ಣಿಗೆ ಇರುವುದು 6 ಮಾತ್ರ, ಗಂಡಿಗೆ 7. ಅದರದೇ ಹತ್ತಿರದ ಸಂಬಂಧಿಯಾದ ಚೀನಾದ ಕಾಡುಕುರಿಗೆ 46. ನೆಲಕ್ಕೆ ಅಂಟಿದಂತೆ ಒಂದೇ ಎಲೆ ಬಿಡುವ ಒಫಿಯೋಗ್ಲಾಸಂ ಎಂಬ ಜರೀಗಿಡದ ಒಂದು ಪ್ರಭೇದದಲ್ಲಿ 1,200ಕ್ಕೂ ಹೆಚ್ಚು ವರ್ಣತಂತುಗಳಿವೆ, ಅಷ್ಟೊಂದು ಇವೆ ಎಂದು ಎಣಿಸಿ ತೋರಿಸಿದವರು ಕೇರಳದ ವಿಜ್ಞಾನಿಗಳು. ಬಾಗಲಕೋಟೆಯ ಸಂತೆಯಲ್ಲಿ ರಾಶಿ ಹಾಕುವ ಉಳ್ಳಾಗಡ್ಡಿಗೆ ಇರುವುದು 16, ಆದರೆ ಆ ಹದಿನಾರರಲ್ಲಿ ತುಂಬಿರುವ ಡಿ.ಎನ್.ಎ. ಮನುಷ್ಯನದರ ಸುಮಾರು ಐದು ಪಟ್ಟು. ಹೆಚ್ಚು ವರ್ಣತಂತು ಇದ್ದರೆ ಮುಂದುವರಿದ ಜೀವಿ, ಕಡಿಮೆ ಇದ್ದರೆ ಶುದ್ಧ ಜೀವಿ ಎಂಬ ಎರಡೂ ಲೆಕ್ಕಗಳು ಇಲ್ಲಿ ಕುಸಿಯುತ್ತವೆ. ಒಂದೇ ಹೊಲದ ಮಣ್ಣನ್ನು ನಾಲ್ಕು ದೊಡ್ಡ ಚೀಲಕ್ಕೂ ತುಂಬಬಹುದು, ನಲವತ್ತು ಸಣ್ಣ ಚೀಲಕ್ಕೂ ತುಂಬಬಹುದು. ಚೀಲ ಎಣಿಸಿದವನಿಗೆ ಮಣ್ಣಿನ ಗುಣ ತಿಳಿಯುವುದಿಲ್ಲ.

ಹಾಗಾದರೆ ಎಣಿಕೆ ನಿಷ್ಪ್ರಯೋಜಕವೇ ಎಂದರೆ ಅದೂ ಅಲ್ಲ. ದೂರದ ಜೀವಿಗಳನ್ನು ಹೋಲಿಸಲು ಅದು ಕೆಲಸಕ್ಕೆ ಬರುವುದಿಲ್ಲ, ಆದರೆ ಒಂದೇ ಮನೆತನದೊಳಗೆ ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯಲು ಅದರಷ್ಟು ಉಪಯುಕ್ತವಾದ ಸಾಧನ ಬಹಳ ಕಾಲ ಬೇರೊಂದು ಇರಲಿಲ್ಲ. ಗೋಧಿಯ ಕಥೆ ಇದಕ್ಕೆ ಅತ್ಯುತ್ತಮ ಉದಾಹರಣೆ. 1918ರಲ್ಲಿ ಜಪಾನಿನ ಸಕಾಮುರಾ ಗೋಧಿಯ ಬೇರೆ ಬೇರೆ ಪ್ರಭೇದಗಳ ಬೇರುತುದಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ 14, 28, 42 ಎಂಬ ಮೂರೇ ಸಂಖ್ಯೆಗಳು ಸಿಗುತ್ತವೆ ಎಂದು ಸರಿಯಾಗಿ ಎಣಿಸಿದರು. ಮೂರೂ ಏಳರ ಮಗ್ಗಿ. ಅದೇ ದೇಶದ ಹಿತೋಶಿ ಕಿಹಾರಾ ಈ ಗೋಧಿಗಳನ್ನು ಒಂದಕ್ಕೊಂದು ಕೂಡಿಸಿ, ಹುಟ್ಟಿದ ಮಿಶ್ರ ಸಸಿಗಳಲ್ಲಿ ಎಷ್ಟು ವರ್ಣತಂತುಗಳು ಪರಸ್ಪರ ಜೋಡಿಯಾಗುತ್ತವೆ, ಎಷ್ಟು ಒಂಟಿಯಾಗಿ ಉಳಿಯುತ್ತವೆ ಎಂಬುದನ್ನು ವರ್ಷಗಟ್ಟಲೆ ಗಮನಿಸಿದರು. ಜೋಡಿಯಾಗುವವು ಬಂಧುಗಳು, ಒಂಟಿಯಾಗುವವು ಪರಕೀಯರು. ಅದರಿಂದ ತಿಳಿದದ್ದು ಇಷ್ಟು: ಗೋಧಿಯಲ್ಲಿ ಏಳು ಜೋಡಿಗಳ ಒಂದೊಂದು ಕಂತೆ ಇದೆ, ಒಂದು ಕಂತೆಯ ಗೋಧಿಗೆ 14, ಎರಡು ಕಂತೆಯದಕ್ಕೆ 28, ಮೂರು ಕಂತೆಯದಕ್ಕೆ 42.

ಈ ಕಂತೆಗಳು ಬಂದದ್ದು ಬೇರೆ ಬೇರೆ ಹುಲ್ಲುಗಳಿಂದ. ಲಕ್ಷಾಂತರ ವರ್ಷಗಳ ಹಿಂದೆ, ಮನುಷ್ಯ ಒಕ್ಕಲುತನ ಆರಂಭಿಸುವುದಕ್ಕೆ ಎಷ್ಟೋ ಮುಂಚೆ, ಪಶ್ಚಿಮ ಏಷ್ಯಾದಲ್ಲಿ ಒಂದು ಕಾಡುಗೋಧಿಯೂ ಒಂದು ಕಾಡುಹುಲ್ಲೂ ತಾವಾಗಿಯೇ ಕೂಡಿದವು. ಎರಡರ ಕಂತೆಗಳೂ ಉಳಿದುಕೊಂಡ ಆ ಸಂತತಿಯೇ 28 ವರ್ಣತಂತುಗಳ ಕಾಡುಗೋಧಿ, ನಿಮ್ಮ ಕಪ್ಲಿಯ ಪೂರ್ವಜ. ಆದ್ದರಿಂದ ಕರಪತ್ರದಲ್ಲಿರುವ ‘ಶುದ್ಧ’ ಎಂಬ ಶಬ್ದ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಕಪ್ಲಿ ಸ್ವತಃ ಎರಡು ಕುಲಗಳು ಬೆರೆತು ಹುಟ್ಟಿದ ಬೆಳೆ. ಇಂದಿಗೆ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಜನ ಅದನ್ನು ಬಿತ್ತಿ ಬೆಳೆಯತೊಡಗಿದರು. ಆ ಬೇಸಾಯ ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಕಡೆಗೆ ಹಬ್ಬಿದಾಗ, 28ರ ಗೋಧಿಯ ಹೊಲದಂಚಿನಲ್ಲಿ ಕಳೆಯಾಗಿ ಬೆಳೆಯುತ್ತಿದ್ದ ಈಜಿಲಾಪ್ಸ್ ಎಂಬ ಹುಲ್ಲಿನ ಪರಾಗ ಅದಕ್ಕೆ ತಗುಲಿ, ಮೂರನೆಯ ಕಂತೆ ಸೇರಿತು. ಚಪಾತಿ ಗೋಧಿ ಹುಟ್ಟಿದ್ದು ಹೀಗೆ. 28ರ ಗೋಧಿ ಅದರ ತಾಯಿ, ಹುಲ್ಲು ಅದರ ತಂದೆ. 1940ರ ದಶಕದಲ್ಲಿ ಅಮೆರಿಕದ ಮ್ಯಾಕ್‌ಫ್ಯಾಡನ್ ಮತ್ತು ಸಿಯರ್ಸ್ ಇದೇ ಎರಡನ್ನು ಕೂಡಿಸಿ 42ರ ಗೋಧಿಯೊಂದನ್ನು ಮರಳಿ ಹುಟ್ಟಿಸಿ ತೋರಿಸಿದರು. ಕಿಹಾರಾ ಕೂಡ ಅದೇ ಹೊತ್ತಿಗೆ ಅದೇ ತೀರ್ಮಾನಕ್ಕೆ ಬಂದಿದ್ದರು.

ಹೀಗಾಗಿ 42 ಎಂಬುದು ಹಸಿರು ಕ್ರಾಂತಿಯ ಕೊಡುಗೆಯಲ್ಲ. ಮಧ್ಯಪ್ರದೇಶದ ಎತ್ತರದ ಶರಬತಿ ಗೋಧಿಗೆ 42 ಇವೆ. ಸಿಂಧೂ ನಾಗರಿಕತೆಯ ಮೊಹೆಂಜೊದಾರೊದಲ್ಲಿ ಸಿಕ್ಕ ಗುಂಡು ಕಾಳಿನ ಗೋಧಿಯೂ 42ರ ಬಳಗದ್ದೇ. 1960ರ ದಶಕದಲ್ಲಿ ಮೆಕ್ಸಿಕೋದಿಂದ ಲೆರ್ಮಾ ರೋಹೊ, ಸೊನೊರಾ 64 ತಳಿಗಳು ನಮ್ಮ ದೇಶಕ್ಕೆ ಬಂದಾಗ ಬದಲಾದದ್ದು ಗಿಡದ ಎತ್ತರ. ಜಪಾನಿನ ನೋರಿನ್ 10 ಎಂಬ ತಳಿಯಿಂದ ಬಂದ ಗಿಡ್ಡತನದ ವಂಶವಾಹಿಗಳು ಅವುಗಳಲ್ಲಿದ್ದವು, ಗೊಬ್ಬರ ಹಾಕಿದರೂ ಗಿಡ ಮಲಗುತ್ತಿರಲಿಲ್ಲ. ವರ್ಣತಂತುಗಳು ಮೊದಲೂ 42, ಆಮೇಲೂ 42. ಹಸಿರು ಕ್ರಾಂತಿಯ ಬಗ್ಗೆ ಆಕ್ಷೇಪ ಎತ್ತಲು ನೀರು, ರಸಗೊಬ್ಬರ, ಕಳೆದುಹೋದ ನಾಡತಳಿಗಳು ಎಂದು ಬೇಕಾದಷ್ಟು ನಿಜವಾದ ಕಾರಣಗಳಿವೆ, ಇಲ್ಲದ್ದನ್ನು ಹುಟ್ಟಿಸಬೇಕಾಗಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಮನುಷ್ಯ ಎಲ್ಲಿಯೂ ವರ್ಣತಂತುಗಳನ್ನು ಹೆಚ್ಚಿಸಿಲ್ಲ ಎಂದಲ್ಲ. 1937ರಲ್ಲಿ ಕಾಲ್ಚಿಸಿನ್ ಎಂಬ ವಸ್ತುವಿನಿಂದ ಗಿಡಗಳ ವರ್ಣತಂತುಗಳನ್ನು ಇಮ್ಮಡಿ ಮಾಡಬಹುದೆಂದು ತಿಳಿದ ಮೇಲೆ ಗೋಧಿಯನ್ನೂ ರೈ ಧಾನ್ಯವನ್ನೂ ಬೆರೆಸಿ ಟ್ರಿಟಿಕೇಲ್ ಎಂಬ ಬೆಳೆಯನ್ನು ರೂಢಿಗೆ ತಂದರು, ಕಿಹಾರಾ ಅವರೇ ಬೀಜವಿಲ್ಲದ ಕಲ್ಲಂಗಡಿಯನ್ನು ಬೆಳೆಸಿ ತೋರಿಸಿದರು. ಆದರೆ ನಿಸರ್ಗ ಅದೇ ಕೆಲಸವನ್ನು ಮಾಡಿಕೊಂಡೇ ಬಂದಿದೆ. ನಮ್ಮ ಬಾಳೆಯಲ್ಲಿ ವರ್ಣತಂತುಗಳು ಎರಡೆರಡಾಗಿ ಇರದೆ ಮೂರು ಮೂರಾಗಿವೆ, ಸರಿಯಾಗಿ ಜೋಡಿಯಾಗಲಾರವು, ಅದಕ್ಕೇ ಅದರಲ್ಲಿ ಬೀಜ ಕಟ್ಟುವುದಿಲ್ಲ. ಎರೆಭೂಮಿಯ ಜಯಧರ್ ಹತ್ತಿಗೆ 26 ವರ್ಣತಂತುಗಳಾದರೆ, ಅಮೆರಿಕದಿಂದ ಬಂದ ಹತ್ತಿಗೆ 52. ಈ 52 ಕೂಡ ಮನುಷ್ಯನಿಲ್ಲದ ಕಾಲದಲ್ಲಿ 26ರ ಎರಡು ಹತ್ತಿಗಳು ಕೂಡಿ ಆದದ್ದು. ಜಯಧರನ್ನು ಅಮೆರಿಕದ ಹತ್ತಿಯೊಡನೆ ಕೂಡಿಸಿದರೆ ಹುಟ್ಟುವ ಗಿಡಕ್ಕೆ 39 ಬಂದು, ಕುದುರೆಯ 64ಕ್ಕೂ ಕತ್ತೆಯ 62ಕ್ಕೂ ನಡುವೆ 63 ಹೊತ್ತು ಹುಟ್ಟುವ ಹೇಸರಗತ್ತೆಯಂತೆ ಬಂಜೆಯಾಗುತ್ತದೆ. ಒಕ್ಕಲಿಗನಿಗೆ ವರ್ಣತಂತುಗಳ ಲೆಕ್ಕ ನೇರವಾಗಿ ತಗುಲುವುದು ಇಂಥ ಕಡೆ: ಯಾವುದು ಯಾವುದರೊಡನೆ ಕೂಡುತ್ತದೆ, ಕೂಡಿದರೆ ಕಾಳು ಕಟ್ಟುತ್ತದೆಯೇ ಎನ್ನುವಲ್ಲಿ.

ಗ್ಲುಟೆನ್ ಎಂಬುದು ವರ್ಣತಂತುಗಳ ಹೆಸರಲ್ಲ, ಗೋಧಿ ಕಾಳಿನ ಸಂಗ್ರಹ ಪ್ರೋಟೀನುಗಳ ಹೆಸರು. ಮುಖ್ಯವಾಗಿ ಗ್ಲೈಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಗುಂಪು. ನಿಮ್ಮ ಮನೆಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ, ಅವರ ಬೆರಳಿಗೇ ಗೊತ್ತಿರುತ್ತದೆ. ಚಪಾತಿ ಗೋಧಿಯ ಕಣಕವನ್ನು ನಾದಿ ಅರ್ಧ ತಾಸು ಬಿಟ್ಟು ಎಳೆದರೆ ಅದು ರಬ್ಬರಿನಂತೆ ಹಿಗ್ಗಿ, ಬಿಟ್ಟರೆ ಹಿಂದಕ್ಕೆ ಸೇದಿಕೊಳ್ಳುತ್ತದೆ. ಕಪ್ಲಿಯ ಕಣಕ ಹಿಗ್ಗುತ್ತದೆ, ಆದರೆ ಮರಳುವುದಿಲ್ಲ. ಸ್ವಲ್ಪ ಹೆಚ್ಚು ಎಳೆದರೆ ಹರಿಯುತ್ತದೆ. ಹಿಂದಕ್ಕೆ ಸೇದುವ ಆ ಕಸುವನ್ನು ಕೊಡುವ ಕೆಲವು ಗ್ಲುಟೆನಿನ್‌ಗಳ ವಂಶವಾಹಿಗಳು ಹುಲ್ಲಿನಿಂದ ಬಂದ ಮೂರನೆಯ ಕಂತೆಯಲ್ಲಿವೆ, ಕಪ್ಲಿಯಲ್ಲಿ ಆ ಕಂತೆಯೇ ಇಲ್ಲ. ಆದ್ದರಿಂದ ಕಪ್ಲಿಯಲ್ಲಿ ಗ್ಲುಟೆನ್ ‘ಬೇರೆ ಬಗೆಯದು’ ಎಂದರೆ ಸರಿ, ‘ಇಲ್ಲ’ ಎಂದರೆ ತಪ್ಪು. ಪಾತ್ರೆಯ ನೀರಿನಲ್ಲಿ ಎರಡೂ ಕಣಕಗಳನ್ನು ತೊಳೆದು ನೋಡಿ: ಪಿಷ್ಟ ಬೆಳ್ಳಗೆ ಕರಗಿಹೋದ ಮೇಲೆ ಕೈಯಲ್ಲಿ ಅಂಟಂಟಾಗಿ ಉಳಿಯುವುದೇ ಗ್ಲುಟೆನ್, ಅದು ಕಪ್ಲಿಯಲ್ಲೂ ಇದೆ.

ಕರಪತ್ರ ಬರೆದವರ ಕಿವಿಗೆ ಅರ್ಧ ಸತ್ಯವೊಂದು ಬಿದ್ದಿರಬಹುದು ಎಂದು ನನ್ನ ಊಹೆ. ಸೀಲಿಯಾಕ್ ಕಾಯಿಲೆಯವರ ಕರುಳನ್ನು ಬಹಳವಾಗಿ ಕೆರಳಿಸುವ, 33 ಅಮೈನೋ ಆಮ್ಲಗಳಷ್ಟು ಉದ್ದದ, ಜೀರ್ಣವಾಗದೆ ಉಳಿಯುವ ಗ್ಲೈಯಾಡಿನ್ ತುಣುಕೊಂದಿದೆ. ಅದರ ವಂಶವಾಹಿ ಇರುವುದು ಮೂರನೆಯ ಕಂತೆಯಲ್ಲೇ. ಹಾಗೆಂದು ಕಪ್ಲಿ ಸುರಕ್ಷಿತವಾಗುವುದಿಲ್ಲ, ಏಕೆಂದರೆ ಮೊದಲ ಕಂತೆಯ ಗ್ಲೈಯಾಡಿನ್‌ಗಳಲ್ಲಿಯೂ ಅದೇ ರೀತಿ ಕೆರಳಿಸುವ ಬೇರೆ ತುಣುಕುಗಳಿವೆ. 14 ವರ್ಣತಂತುಗಳ ಗೋಧಿ ಕೂಡ ಆ ರೋಗಿಗಳಿಗೆ ವರ್ಜ್ಯ.

ಸಕ್ಕರೆ ಕಾಯಿಲೆಯ ಮಾತಿಗೆ ಬಂದರೆ, 28ರ ಮಹಿಮೆಯನ್ನು ಪರೀಕ್ಷಿಸುವ ಸುಲಭ ದಾರಿಯೊಂದಿದೆ. ಡ್ಯೂರಂ ಗೋಧಿಗೂ 28 ವರ್ಣತಂತುಗಳೇ. ನಮ್ಮ ಭಾಗದ ಬಿಜಗಾ ಯೆಲ್ಲೋ ತಳಿ ಡ್ಯೂರಂ, ಅಂಗಡಿಯಲ್ಲಿ ಸಿಗುವ ಒಳ್ಳೆಯ ಮ್ಯಾಕರೋನಿಯನ್ನು ಮಾಡುವುದೂ ಡ್ಯೂರಂನಿಂದ. ಅದರ ಎರಡು ಕಂತೆಗಳು ಕಪ್ಲಿಯವೇ. ವರ್ಣತಂತುಗಳ ಸಂಖ್ಯೆಯೇ ಶುಗರನ್ನು ಇಳಿಸುವುದಾದರೆ ವೈದ್ಯರು ಮ್ಯಾಕರೋನಿಯನ್ನು ಔಷಧಿಯಾಗಿ ಬರೆದುಕೊಡಬೇಕಾಗಿತ್ತು. ಕಪ್ಲಿಗೆ ತನ್ನದೇ ಒಳ್ಳೆಯ ಗುಣಗಳಿವೆ, ಅವನ್ನು ಅಲ್ಲಗಳೆಯುತ್ತಿಲ್ಲ: ಕಾಳು ಗಟ್ಟಿ, ದಪ್ಪ ರವೆ ಒಡೆಯಲು ಹೇಳಿ ಮಾಡಿಸಿದಂಥದ್ದು, ನಾರಿನ ಅಂಶ ಒಳ್ಳೆಯದು. ದಪ್ಪ ರವೆಯನ್ನು ತರಕಾರಿ, ಬೇಳೆಯ ಜೊತೆ ಉಂಡರೆ, ನುಣ್ಣಗೆ ಜರಡಿ ಹಿಡಿದ ಹಿಟ್ಟಿನ ಚಪಾತಿಗಿಂತ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಆದರೆ ಕಪ್ಲಿಯ ತೂಕದಲ್ಲಿಯೂ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. ಬೆಲ್ಲ ಹಾಕಿದ ಹುಗ್ಗಿಯನ್ನು ಎರಡು ಬಟ್ಟಲು ತಿಂದವರಿಗೆ ಗ್ಲೂಕೋಮೀಟರು ಗೋಧಿಯ ಪ್ರಾಚೀನತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಪ್ಲಿ ತಿಂದರೆ ಶುಗರ್ ಇಳಿಯುತ್ತದೆ ಎಂದು ನಂಬಿ ಮಾತ್ರೆ ಬಿಟ್ಟ ಇಬ್ಬರು ಸಂಬಂಧಿಕರು ನಮ್ಮ ಮನೆತನದಲ್ಲೇ ಇದ್ದರು ಎಂಬ ಕಾರಣಕ್ಕೆ ಇಷ್ಟು ಬಿರುಸಾಗಿ ಬರೆಯುತ್ತಿದ್ದೇನೆ.

ಪೊಟ್ಟಣದ ಮೇಲೆ ಏನು ಬರೆಸಬೇಕು ಎಂಬುದು ಇದರಿಂದ ಬಹುಪಾಲು ಇತ್ಯರ್ಥವಾಗುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಗ್ಲುಟೆನ್‌ಮುಕ್ತ ಎಂದು ಬರೆಯಬೇಕಾದರೆ ಆ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು; ಯಾವ ಗೋಧಿಯೂ ಅದರ ಹತ್ತಿರ ಸುಳಿಯುವುದಿಲ್ಲ. ಆ ಮಾತನ್ನು ಅಚ್ಚು ಹಾಕಿಸಿದರೆ ಗ್ರಾಹಕರಿಗೆ ಅಪಾಯ, ನಿಮಗೆ ದಂಡದ ಭಯ. ಬದಲಾಗಿ ಗೋಧಿ ಇದೆ, ಅದರಲ್ಲಿ ಗ್ಲುಟೆನ್ ಇದೆ ಎಂದು ಸೂಚಿಸುವುದು ಮಾರುವವರ ಹೊಣೆಯಾಗುತ್ತದೆ. ಕಾಯಿಲೆ ವಾಸಿ ಮಾಡುತ್ತದೆ ಎಂಬರ್ಥದ ಮಾತೂ ಬೇಡ. ‘28 ವರ್ಣತಂತುಗಳ ಗೋಧಿ’ ಎಂದಷ್ಟೇ ಬರೆಸಿದರೆ ಸುಳ್ಳಾಗುವುದಿಲ್ಲ, ಆದರೆ ಓದಿದವರು ಅದರಿಂದ ಏನು ತಿಳಿಯುತ್ತಾರೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು, ನಾನಾದರೆ ಬರೆಸುತ್ತಿರಲಿಲ್ಲ. ‘ಮುಧೋಳದ ಎರೆಹೊಲದ ಹಿಂಗಾರಿ ಜವೆಗೋಧಿ, ಸಿಪ್ಪೆ ಕುಟ್ಟಿ ತೆಗೆದದ್ದು, ಹುಗ್ಗಿ, ಮಾದಲಿ, ಶ್ಯಾವಿಗೆಗೆ ಯೋಗ್ಯ’ ಎಂಬ ಮಾತಿಗೆ ಗಿರಾಕಿ ಸ್ವಲ್ಪ ತಡವಾಗಿ ಬರಬಹುದು, ಬಂದವರು ಬಿಟ್ಟುಹೋಗುವುದಿಲ್ಲ.

ಪಕ್ಕದ ಹೊಲದ ಪರಾಗದ ಭಯವನ್ನು ಅಷ್ಟಾಗಿ ಇಟ್ಟುಕೊಳ್ಳಬೇಡಿ. ಗೋಧಿಯ ಹೂವು ಬಹುಮಟ್ಟಿಗೆ ತನ್ನ ಸಿಪ್ಪೆಯೊಳಗೇ ತನ್ನ ಪರಾಗದಿಂದಲೇ ಫಲ ಕಟ್ಟುತ್ತದೆ. ಪ್ರಮಾಣಿತ ಬೀಜ ಬೆಳೆಯುವಾಗಲೂ ಬೇರೆ ಗೋಧಿಯಿಂದ 3 ಮೀಟರ್ ಅಂತರ ಸಾಕೆಂದು ನಿಯಮವಿದೆ. ಅಪ್ಪಿತಪ್ಪಿ ಕೂಡಿದರೂ ಹುಟ್ಟುವ ಸಸಿಗೆ 35 ವರ್ಣತಂತುಗಳು ಬರುತ್ತವೆ, ಅವುಗಳಲ್ಲಿ 28 ತಂತುಗಳು 14 ಜೋಡಿಗಳಾಗಿ, 7 ಒಂಟಿ ಉಳಿಯುತ್ತವೆ. ತೆನೆಯಲ್ಲಿ ಕಾಳು ಕಡಿಮೆ, ಕಟ್ಟಿದ ಕಾಳೂ ಸೊರಗಿರುತ್ತವೆ. ಬೀಜ ಕೆಡುವುದು ಹೆಚ್ಚಾಗಿ ಹೊಲದಲ್ಲಿ ಅಲ್ಲ, ರಾಶಿ ಮಷಿನ್‌ನಲ್ಲಿ. ನೆರೆಯವರ ಚಪಾತಿ ಗೋಧಿ ಒಕ್ಕಿದ ಮಷಿನ್ ಹಾಗೆಯೇ ನಿಮ್ಮ ಕಣಕ್ಕೆ ಬಂದರೆ, ಮೊದಲ ಒಂದೆರಡು ಚೀಲದಲ್ಲಿ ಅವರ ಕಾಳು ಬಂದೇ ಬರುತ್ತದೆ. ಇದನ್ನು ಪತ್ತೆ ಮಾಡುವುದು ಕಪ್ಲಿ ಬೆಳೆಯುವವರಿಗೆ ಬಹಳ ಸುಲಭ, ಏಕೆಂದರೆ ಒಕ್ಕಿದ ಮೇಲೂ ಕಪ್ಲಿಯ ಕಾಳು ಸಿಪ್ಪೆಯನ್ನು ಬಿಡುವುದಿಲ್ಲ, ಎರಡೆರಡು ಕಾಳಿನ ಗೂಡುಗಳಾಗಿಯೇ ಉದುರುತ್ತದೆ. ಚಪಾತಿ ಗೋಧಿ ಬೆತ್ತಲೆ ಕಾಳಾಗಿ ಬೀಳುತ್ತದೆ. ಮೊರದಲ್ಲಿ ಒಂದು ಬೊಗಸೆ ಹರವಿ, ಬೆತ್ತಲೆ ಕಾಳು ಲೆಕ್ಕಕ್ಕೆ ಮೀರಿ ಕಂಡರೆ ಆ ಚೀಲವನ್ನು ಬೀಜಕ್ಕೆ ಇಡಬೇಡಿ. ಮಷಿನ್ ಬಡಿತಕ್ಕೆ ಕಪ್ಲಿಯ ಕೆಲವು ಕಾಳೂ ಸಿಪ್ಪೆ ಕಳಚಿಕೊಂಡಿರುತ್ತವೆ, ಆದ್ದರಿಂದ ಕಾಳಿನ ಆಕಾರವನ್ನೂ ನೋಡಬೇಕು: ಕಪ್ಲಿಯದು ಉದ್ದ, ಕೆಂಪು, ಎರಡೂ ತುದಿ ಚೂಪು.

ಬೀಜದ ಆಯ್ಕೆಯ ವಿಚಾರ ನೀವು ಕೇಳಿಲ್ಲ, ಆದರೂ ಒಂದು ಮಾತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ತಳಿಗಳೂ ಕಪ್ಲಿಯೇ, 28 ವರ್ಣತಂತುಗಳವೇ, ಆದರೆ ಗಿಡ ಗಿಡ್ಡ. ನೀರಾವರಿ ಇದ್ದಲ್ಲಿ ಅವು ಮಲಗದೆ ಹೆಚ್ಚು ಇಳುವರಿ ಕೊಡುತ್ತವೆ. ತಂದೆಯವರ ಕಾಲದ ಎತ್ತರದ ತಳಿ ಗೊಬ್ಬರ ನೀರು ಹೆಚ್ಚಾದರೆ ಮಲಗುತ್ತದೆ, ಆದರೆ ದನಕ್ಕೆ ಹೊಟ್ಟು ಹೆಚ್ಚು ಕೊಡುತ್ತದೆ. ಎರಡನ್ನೂ ಬಿತ್ತುವುದಾದರೆ ಬೇರೆ ಬೇರೆ ಒಕ್ಕಿ. ಹೊಸ ತಳಿಯನ್ನು ಹಳೆಯ ತಳಿಯ ಹೆಸರಿನಲ್ಲಿ ಮಾರಬೇಡಿ.

ಅಂದಹಾಗೆ, ತಂಗಿಯ ಮಗನಿಗೆ ಜೋಳ, ಸಜ್ಜೆ, ನವಣೆ, ಅಕ್ಕಿ ಎಲ್ಲವೂ ಆಗುತ್ತವೆ. ಅವನ ಜೋಳವನ್ನು ಊರ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಹಾಕಿಸಿದರೆ ಮಾತ್ರ ಪಥ್ಯವೆಲ್ಲ ವ್ಯರ್ಥ, ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟೇ ಅವನಿಗೆ ಸಾಕಾಗುತ್ತದೆ. ಮನೆಯಲ್ಲಿ ಅವನ ಧಾನ್ಯಕ್ಕೆಂದೇ ಒಂದು ಸಣ್ಣ ಗಿರಣಿ ಇಟ್ಟುಕೊಳ್ಳುವುದು ಸುರಕ್ಷಿತ. ಆಗದಿದ್ದರೆ ಜೋಳ ಮಾತ್ರ ಬೀಸುವ ಗಿರಣಿ ಹುಡುಕಬೇಕು.

ಮಗಳ ವಾದ ಸರಿ ಎಂದು ಅವಳಿಗೆ ಹೇಳಿ, ಮತ್ತು ಕಾಲೇಜಿನ ಪ್ರಯೋಗಾಲಯದಲ್ಲಿ ಅನುಮತಿ ಸಿಕ್ಕರೆ ತಾನೇ ಎಣಿಸಿ ನೋಡಲಿ. ಸಿಪ್ಪೆ ಬಿಡಿಸಿದ ಕಾಳನ್ನು ಒದ್ದೆ ಕಾಗದದ ಮೇಲೆ ಮೊಳೆಸಿ, ಬೇರು ಒಂದು ಸೆಂಟಿಮೀಟರ್ ದಾಟಿದೊಡನೆ ಕತ್ತರಿಸಿ, ಮಂಜುಗಡ್ಡೆಯ ನೀರಿನಲ್ಲಿ ಒಂದು ದಿನ ಇಡಬೇಕು. ತಂಪಿಗೆ ಕೋಶವಿಭಜನೆ ನಡುವೆಯೇ ತಡೆದು ವರ್ಣತಂತುಗಳು ಮೋಟಾಗುತ್ತವೆ. ಮೂರು ಪಾಲು ಆಲ್ಕೊಹಾಲು, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ನೆನೆಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ಚೂರಿನಡಿ ತುದಿಯನ್ನು ಹೆಬ್ಬೆರಳಿನಿಂದ ಒತ್ತುವಾಗ ಅದು ಪಕ್ಕಕ್ಕೆ ಜಾರಬಾರದು, ಜಾರಿದರೆ ವರ್ಣತಂತುಗಳು ಒಂದರ ಮೇಲೊಂದು ಮಗುಚಿ ಲೆಕ್ಕ ತಪ್ಪುತ್ತದೆ. ನನ್ನ ವಿದ್ಯಾರ್ಥಿಗಳು 27 ಎಂದೂ 31 ಎಂದೂ ಬರೆದುಕೊಟ್ಟಿದ್ದಾರೆ; ಅದಕ್ಕೆ ನಾನು ಬೈದದ್ದಿಲ್ಲ, ಮನುಷ್ಯನ ವರ್ಣತಂತುಗಳನ್ನೇ ಜಗತ್ತಿನ ವಿಜ್ಞಾನಿಗಳು ಮೂರು ದಶಕ 48 ಎಂದು ಬರೆದು, 1956ರಲ್ಲಿ ತ್ಯೋ ಮತ್ತು ಲೆವಾನ್ 46 ಎಂದು ತೋರಿಸಿದ ಮೇಲೆ ತಿದ್ದಿಕೊಂಡರು. ಹೊಲದಂಚಿನಲ್ಲಿ ಅನುಮಾನದ ತೆನೆ ಸಿಕ್ಕರೆ, ಆ ಗಿಡದ್ದೇ ಬುಡದಿಂದ ಒಡೆದ ಎಳೆಯ ಬೇರುಗಳನ್ನು ಅವಳು ಇದೇ ಕ್ರಮದಲ್ಲಿ ಪರೀಕ್ಷಿಸಲಿ. ಐದಾರು ಕೋಶಗಳಲ್ಲಿ 28 ಬಂದರೆ ಆ ಗಿಡ ಇರಲಿ, 35 ಬಂದರೆ ಕಿತ್ತುಹಾಕಿ.